ಬೇಸಗೆಯ ನಾಯಿ ಮತ್ತು ಅನ್ನಪಾನನಿರೋಧ

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಲೋಕಕ್ಕೆಲ್ಲ ತಿಳಿದದ್ದು 1957ರಲ್ಲಿ. ಆ ವರ್ಷ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಉಣುಗುಗಳಿಂದ ಹರಡುವ ಆ ಜ್ವರಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಮೂಕಪ್ರಾಣಿಗಳ ಸಾವನ್ನು ಗಮನಿಸಿದ್ದರಿಂದ ಮನುಷ್ಯರ ರೋಗದ ಮೂಲ ತಿಳಿಯಿತು. ಇಂದಿಗೂ ಆ ಜ್ವರದ ಕಾಟ ಹೆಚ್ಚುವುದು ಒಣಗಾಲದಲ್ಲಿಯೇ. ಅದೇ ತಿಂಗಳುಗಳಲ್ಲಿ ಮನೆಯಂಗಳಗಳಲ್ಲಿ ಇನ್ನೊಂದು ಮೂಕಪ್ರಾಣಿಯು ಬಳಲುತ್ತದೆ. ಅದಕ್ಕೆ ಬಂದದ್ದು ಅಂಟುರೋಗವಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅಂಗಳದ ಕಂಬಕ್ಕೋ ಮಂಡಿಯ ಬಾಗಿಲಿಗೋ ನಾಯಿಯನ್ನು ಸರಪಳಿಯಿಂದ ಬಿಗಿದಿರುತ್ತಾರೆ. ಬೆಳಿಗ್ಗೆ ಇದ್ದ ನೆರಳು ಮಧ್ಯಾಹ್ನಕ್ಕೆ ಸರಿದುಹೋಗುತ್ತದೆ, ಸರಪಳಿ ಸರಿಯುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಐದೆಂದು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಕೊಲೆಯಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಹೆಚ್ಚುಕಡಿಮೆ ಇವೇ ಐದು. ಕೊಲ್ಲುವುದಿಲ್ಲವೆಂದು ಆಗಲೇ ವ್ರತ ತೊಟ್ಟ ಗೃಹಸ್ಥನು ಎಲ್ಲಿ ಜಾರುತ್ತಾನೆಂಬುದನ್ನು ಆಚಾರ್ಯರು ಇಲ್ಲಿ ತೋರಿಸಿದ್ದಾರೆ. ಕಟ್ಟಿಹಾಕಿದ ನಾಯಿಯ ವಿಷಯದಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಕಡೆ ಕೂಡುತ್ತವೆ. ಬಿಟ್ಟ ನಾಯಿಯು ಕೆರೆಯನ್ನೋ ಮೋರಿಯ ತಂಪನ್ನೋ ತಾನೇ ಹುಡುಕಿಕೊಳ್ಳುತ್ತದೆ. ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ.

ಇಲ್ಲೊಂದು ಆಕ್ಷೇಪವಿದೆ. ನಾಯಿಯು ಮಾಂಸಾಹಾರಿ, ಅದನ್ನು ಸಾಕುವುದೇ ಶ್ರಾವಕನಿಗೆ ಸಲ್ಲದೆಂದು ಹಿರಿಯರು ಹೇಳುವುದುಂಟು. ಮಾತು ನಿರಾಧಾರವೇನಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವರ್ಜ್ಯವಾದ ವೃತ್ತಿಗಳನ್ನು ಹೇಳುವಾಗ ನಾಯಿ, ಬೆಕ್ಕು ಮೊದಲಾದವುಗಳ ಪೋಷಣೆಯನ್ನೂ ಸೇರಿಸಿದ್ದಾರೆ. ಆದರೆ ಅಲ್ಲಿಯ ನಿಷೇಧವು ಲಾಭಕ್ಕಾಗಿ ಪ್ರಾಣಿಯನ್ನು ಬೆಳೆಸುವುದಕ್ಕೆ. ಬಾಯಾರಿ ಬಾಗಿಲಿಗೆ ಬಂದ ಜೀವಕ್ಕೆ ನೀರು ಕೊಡುವುದಕ್ಕಲ್ಲ. ಇನ್ನು ಕಾವಲಿಗೆಂದು ಈಗಾಗಲೇ ಕಟ್ಟಿಕೊಂಡವನಿಗಂತೂ ಈ ವಾದವು ಆಶ್ರಯವಾಗಲಾರದು. ಸಾಕಬಾರದೆಂಬ ಶಾಸ್ತ್ರವನ್ನು ಮುಂದೊಡ್ಡಿ, ಸಾಕಿದ್ದಕ್ಕೆ ನೀರಿಡದಿರುವುದು ವ್ಯಾಪಾರದ ಜಾಣತನವೇ ಹೊರತು ಧರ್ಮವಲ್ಲ.

ಜೀವಂಧರನ ಕಥೆಯನ್ನು ವಾದೀಭಸಿಂಹನು ಕ್ಷತ್ರಚೂಡಾಮಣಿಯಲ್ಲಿಯೂ, ಕನ್ನಡದಲ್ಲಿ ಭಾಸ್ಕರಕವಿಯು 1424ರಲ್ಲಿಯೂ ಹೇಳಿದ್ದಾರೆ. ಯಜ್ಞದ ಅನ್ನವನ್ನು ಮುಟ್ಟಿತೆಂದು ಹೊಡೆಸಿಕೊಂಡು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಉಪಕಾರವನ್ನು ಸ್ಮರಿಸುತ್ತದೆ. ಈ ಕಥೆಯನ್ನು ಮಂತ್ರಮಹಿಮೆಗಾಗಿ ಹೇಳುವುದೇ ವಾಡಿಕೆ. ರಾಜಕುಮಾರನೊಬ್ಬ ಬೀದಿಯಲ್ಲಿ ನಾಯಿಯ ಬಳಿ ಬಾಗಿ ಕುಳಿತನೆಂಬುದನ್ನು ಅಷ್ಟಾಗಿ ಗಮನಿಸುವವರಿಲ್ಲ.

ಕನ್ನಡನಾಡು ನಾಯಿಗೆ ಶಿಲಾಶಾಸನವನ್ನೇ ನಿಲ್ಲಿಸಿದೆ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ತಕ್ಕೋಲದ ಯುದ್ಧವನ್ನು (ಕ್ರಿ.ಶ. 949) ಹೇಳುವುದರೊಂದಿಗೆ, ಗಂಗ ಬೂತುಗನ ಸೇವಕ ಮಣಲೇರನು ಬೇಡಿ ಪಡೆದ ‘ಕಾಳಿ’ ಎಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಕಾಳಿಯು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಗೊರವನಿಗೆ ನಾಯಿಯ ಪಾಪವೆಂಬ ಕಟ್ಟಳೆಯೂ ಆಯಿತು. ಬೇಟೆಗೆ ಬಿಟ್ಟು ಕೊಲ್ಲಿಸಿ ಆಮೇಲೆ ಪೂಜಿಸಿದ ಈ ಗೌರವವನ್ನು ಜೈನದೃಷ್ಟಿಯು ಸುಲಭವಾಗಿ ಒಪ್ಪದು. ಆ ಬೂತುಗನ ಅಕ್ಕ ಪಾಂಬಬ್ಬೆಯೋ ರಾಜವೈಭವವನ್ನು ತೊರೆದು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹವಿಟ್ಟಳೆಂದು ಕಡೂರಿನ ಶಾಸನವು ಹೇಳುತ್ತದೆ. ಒಂದೇ ಮನೆತನದ ಎರಡು ಕಲ್ಲುಗಳಿವು.

ಬೇಸಗೆಗೂ ನಾಯಿಯ ಪ್ರಾಣಕ್ಕೂ ನೇರವಾಗಿ ಗಂಟುಬಿದ್ದದ್ದು ಮುಂಬಯಿಯಲ್ಲಿ. ಬಿಸಿಲು ಹೆಚ್ಚಿದರೆ ನಾಯಿಗೆ ಹುಚ್ಚು ಹಿಡಿಯುತ್ತದೆಂಬ ನಂಬಿಕೆಯಿಂದ ಕಂಪನಿ ಸರಕಾರವು ಬಿಸಿಲಿನ ಕೆಲವು ವಾರಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಲು 1813ರಲ್ಲಿ ನಿಯಮ ಮಾಡಿತ್ತು. 1832ರಲ್ಲಿ ಆ ಅವಧಿಯನ್ನು ಇನ್ನೂ ಬೆಳೆಸಿದರು. ಕೊಂದ ನಾಯಿಗೆ ಎಂಟಾಣೆಯಂತೆ ಇನಾಮು. ಹಣದಾಸೆಗೆ ಸಾಕಿದ ನಾಯಿಗಳನ್ನೂ ಎಳೆದೊಯ್ಯತೊಡಗಿದಾಗ, ಆ ವರ್ಷದ ಜೂನ್ ತಿಂಗಳಲ್ಲಿ ಪಾರಸಿಗಳು ಸಿಡಿದೆದ್ದರು; ಜೈನ, ಹಿಂದೂ, ಮುಸಲ್ಮಾನ ವ್ಯಾಪಾರಿಗಳೂ ಅಂಗಡಿ ಮುಚ್ಚಿದರು. 1834ರಲ್ಲಿ ಜಮ್‌ಷೇಟ್‌ಜೀ ಜೀಜೀಭಾಯ್ ಅವರೂ ಜೈನ ವರ್ತಕರೂ ಕೂಡಿ ಅಲ್ಲಿ ಪಾಂಜರಪೋಳವನ್ನು ಸ್ಥಾಪಿಸಿದರು.

ಹುಚ್ಚು ಬಿಸಿಲಿನಿಂದ ಹುಟ್ಟುವುದಲ್ಲ. ರೋಗವಿದ್ದ ಪ್ರಾಣಿಯ ಕಡಿತದಿಂದ ಹರಡುವ ವೈರಾಣುವಿನದು. ಆದರೆ ಕಾವಿಗೆ ಸಿಕ್ಕಿದ ನಾಯಿಯು ಜೊಲ್ಲು ಸುರಿಸುತ್ತ ತೂರಾಡುವುದರಿಂದ ಜನರು ಹುಚ್ಚೆಂದು ಕಲ್ಲೆತ್ತುವುದು ಇಂದಿಗೂ ಉಂಟು. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನ ಮೆತ್ತೆಗಳಲ್ಲಿ ಅಲ್ಪಸ್ವಲ್ಪ ಅಷ್ಟೆ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದರ ತಂಪಿನ ದಾರಿ. ಆದುದರಿಂದ ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳು ಬೇಗ ಸೋಲುತ್ತವೆ. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41ನ್ನು ಮೀರಿದರೆ ಪ್ರಾಣಾಪಾಯ. ಆಗ ನೆರಳಿಗೆ ಸರಿಸಿ, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಬೇಕು. ಮೊದಲು ತಂಪು, ಆಮೇಲೆ ಪಶುವೈದ್ಯರ ಬಳಿಗೆ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹೊಯ್ಯಬಾರದು. ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಕಾವು ಒಳಗೇ ನಿಲ್ಲುತ್ತದೆ. ಗುರುತಿಲ್ಲದ ನಾಯಿಯಾದರೆ ಬಾಯಿಯ ಹತ್ತಿರ ಕೈ ಒಯ್ಯದೆ ದೂರದಿಂದಲೇ ನೀರು ಎರಚುವುದು ಒಳಿತು. ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೆಲವೇ ನಿಮಿಷಗಳಲ್ಲಿ ಒಲೆಯ ಬಿಸಿ ತುಂಬುತ್ತದೆ. ಬಸದಿಗೆ ದರ್ಶನಕ್ಕೆ ಹೋದವರು ಇದನ್ನು ಮರೆಯುವುದು ಆಶ್ಚರ್ಯ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ 11ನೆಯ ಕಲಮು, ಅತಿ ಗಿಡ್ಡ ಇಲ್ಲವೆ ಅತಿ ಭಾರದ ಸರಪಳಿಯಲ್ಲಿ ಹೊತ್ತುಮೀರಿ ಕಟ್ಟುವುದನ್ನೂ, ಒಡೆಯನಾದವನು ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಬಂಧ ಮತ್ತು ಅನ್ನಪಾನನಿರೋಧಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ.

ಬಸದಿಗಳ ಕಲ್ಲಂಗಳವು ಮಧ್ಯಾಹ್ನದಲ್ಲಿ ಕಾದ ಹೆಂಚಾಗುತ್ತದೆ. ಗರ್ಭಗೃಹದ ಶುಚಿತ್ವಕ್ಕಾಗಿ ನಾಯಿಯನ್ನು ಒಳಗೆ ಬಿಡದಿರುವುದು ನ್ಯಾಯವೇ. ಪ್ರಾಕಾರದ ಹೊರಗೋಡೆಯ ಮರದ ನೆರಳಿನಲ್ಲಿ ಒಂದು ಕಲ್ಲುಮರಿಗೆಯನ್ನಿಡಲು ಟ್ರಸ್ಟುಗಳಿಗೆ ಯಾವ ಶಾಸ್ತ್ರವೂ ಅಡ್ಡಬಾರದು. ನಾಯಿಯ ಬಾಯಿಗೆ ಎಟುಕುವಂತೆ ಅದು ತಗ್ಗಾಗಿರಲಿ. ನಿಂತ ನೀರಿನಲ್ಲಿ ಹುಳು ಹುಟ್ಟಿ ಮತ್ತೊಂದು ಹಿಂಸೆಗೆ ದಾರಿಯಾಗುವುದರಿಂದ, ಸಂಜೆ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಮರಿಗೆಯನ್ನು ಒರೆಸಿ, ಬೆಳಿಗ್ಗೆ ಸೋಸಿದ ನೀರನ್ನು ತುಂಬಬೇಕು. ಅಭಿಷೇಕದ ನೀರನ್ನು ಸೋಸುವ ಹೊತ್ತಿನಲ್ಲಿಯೇ ಇನ್ನೊಂದು ಕೊಡವನ್ನು ಸೋಸಿದರಾಯಿತು.