ಕೂಲಿಮಠಗಳಲ್ಲಿ ತೀವ್ರಮತಿಗಳಾದ ಬಾಲಕರ ಅಭ್ಯಾಸಕ್ರಮ

ಕ್ರಿ. ಶ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನೆಂಬ ಆಂಗ್ಲ ಅಧಿಕಾರಿಯು ತನ್ನ ಜಿಲ್ಲೆಯ ವಿದ್ಯಾಸ್ಥಿತಿಯನ್ನು ಕುರಿತು ಮದರಾಸು ಸರಕಾರಕ್ಕೆ ಒಂದು ವರದಿಯನ್ನು ಕಳುಹಿಸಿದನು. ಆಗ ಅಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ನಮ್ಮ ಹಿರಿಯರು ಕೂಲಿಮಠಗಳೆಂದು ಕರೆಯುತ್ತಿದ್ದುದು ಇಂತಹವುಗಳನ್ನೇ.

ಆ ವರದಿಯಲ್ಲಿ ಸದ್ಭಕ್ತರು ಗಮನಿಸತಕ್ಕ ಸಂಗತಿಯೊಂದುಂಟು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಒಂದರಿಂದ ಮತ್ತೊಂದಕ್ಕೆ ಏರುವುದಕ್ಕೆ ಬಾಲಕನ ಶಕ್ತಿಯೂ ಅವನ ಅಭ್ಯಾಸವೂ ಪ್ರಮಾಣವಾಗಿದ್ದುವು. ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದವನು ಕೈ ಕುದುರಿದೊಡನೆ ಕಡತಕ್ಕೂ ಓಲೆಗರಿಗೂ ಹೋಗುವನು. ಮುಂದುವರಿದವನು ಕಿರಿಯರಿಗೆ ಪಾಠ ಹೇಳುತ್ತ ತಾನು ಕಲಿತುದನ್ನು ದೃಢಪಡಿಸಿಕೊಳ್ಳುವನು. ಈ ಏರ್ಪಾಡನ್ನು ಕ್ಯಾಂಪ್‌ಬೆಲ್ಲನು ಮನಸಾರೆ ಮೆಚ್ಚಿರುವನು. ಮದರಾಸಿನ ಅನಾಥಾಲಯದಲ್ಲಿ ಬಾಲಕರಿಂದಲೇ ಬಾಲಕರಿಗೆ ಪಾಠ ಹೇಳಿಸಿದ ಆಂಡ್ರೂ ಬೆಲ್ ಎಂಬ ಪಾದ್ರಿಯು ಆ ಕ್ರಮವನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಲು, ಅದು ಆ ದೇಶದಲ್ಲಿಯೂ ಹರಡಿತು.

ಹಳೆಯದೆಂದು ಎಲ್ಲವನ್ನೂ ಹೊಗಳುವಂತಿಲ್ಲ. ಕಾವ್ಯಗಳನ್ನು ಅರ್ಥವರಿಯದೆ ಗಿಣಿಪಾಠ ಒಪ್ಪಿಸುತ್ತಿದ್ದರೆಂದೂ ಅದೇ ವರದಿಯು ಹೇಳುತ್ತದೆ. ತಡವಾಗಿ ಬಂದವರಿಗೆ ಬಂದ ಸರದಿಯಂತೆ ಏಟುಗಳೂ ಏರುತ್ತಿದ್ದುವು!

ಈಗಿನ ಶಾಲೆಗಳಲ್ಲಿ ಒಂದೇ ವಯಸ್ಸಿನವರು ಒಂದೇ ತರಗತಿಯಲ್ಲಿ ಕೂಡುವರು. ಆಷಾಢದಲ್ಲಿಯೇ ಪುಸ್ತಕವನ್ನು ಮುಗಿಸಿದ ಮಗುವು ಫಾಲ್ಗುಣದವರೆಗೆ ಅದನ್ನೇ ಕೇಳುತ್ತಿರಬೇಕು. ಕೆಲವರು ಜಡರಾಗುವರು, ಕೆಲವರು ತುಂಟರೆನಿಸಿಕೊಳ್ಳುವರು. ಅಂತಹ ಮಕ್ಕಳನ್ನು ಕರೆತಂದು ತಾಯಿತ ಬೇಡುವ ತಂದೆತಾಯಿಗಳು ಶ್ರೀಮಠಕ್ಕೆ ಬರುವುದುಂಟು. ಮುಂದಿನ ಪಾಠ ದೊರೆತೊಡನೆ ಅವರಲ್ಲಿ ಅನೇಕರು ತಾವಾಗಿಯೇ ನೆಟ್ಟಗಾದುದನ್ನು ಪಾಠಶಾಲೆಯಲ್ಲಿ ಕಂಡಿದ್ದೇವೆ.

ಆದರೆ ಕಿರಿಯರಿಗೆ ಹೇಳಿಕೊಡುವುದರಲ್ಲಿಯೇ ಅವನ ದಿನವೆಲ್ಲ ಕಳೆದರೆ ಅವನ ವಿದ್ಯೆಯು ಬೆಳೆಯದು; ಅವನಿಗಿಂತ ಹೆಚ್ಚು ಬಲ್ಲ ಗುರುವೂ ಬೇಕು. ಸಂಗೀತದ ವಿಷಯದಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ನಡೆದ ರೀತಿಯು ಇದಕ್ಕೆ ನಿದರ್ಶನ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅಂಧ ಬಾಲಕನೊಬ್ಬನ ಪ್ರತಿಭೆಯನ್ನು ಅವರು ಗುರುತಿಸಿ, ಮೊದಲು ಕರ್ನಾಟಕ ಸಂಗೀತವನ್ನೂ ಅನಂತರ ಹಿಂದೂಸ್ತಾನಿಯನ್ನೂ ಬಲ್ಲವರಿಂದ ಕಲಿಸಿದರು. ಆ ಗುರುಗಳಲ್ಲಿ ಉಸ್ತಾದ್ ವಹೀದಖಾನರೂ ಒಬ್ಬರು, ಮತಭೇದವು ಅಡ್ಡಬರಲಿಲ್ಲ. ಆ ಬಾಲಕನೇ ಶ್ರೀ ಪಂಚಾಕ್ಷರಿ ಗವಾಯಿಗಳವರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಅವರ ಬಳಿಯಲ್ಲಿ ಕಲಿತರು.