ಕಾರಿನ ಸ್ಮಾರ್ಟ್ ಕೀ ಕೈಕೊಟ್ಟಾಗ

ಒಂದೇ ಕೀ, ಮೂರು ಕೆಲಸ

ಕೀಲೆಸ್ ಕಾರಿನ ಕೀ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಬಟನ್ ಒತ್ತಿದರೆ ರೇಡಿಯೊ ಸಂಕೇತ ಹೊರಡುತ್ತದೆ. ಭಾರತದಲ್ಲಿ ಇದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್. ಕೀ ಜೇಬಿನಲ್ಲಿದ್ದಾಗ ಬಾಗಿಲ ಹಿಡಿಯ ಬಟನ್ ಮುಟ್ಟಿದರೆ, ಕಾರೇ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಬಿಟ್ಟು ಕೀಯನ್ನು ಎಬ್ಬಿಸುತ್ತದೆ. ಮೂರನೆಯದು ಎಂಜಿನ್ ಸ್ಟಾರ್ಟ್ ಆಗಲು ಅನುಮತಿ ಕೊಡಿಸುವ ಇಮ್ಮೊಬಿಲೈಸರ್ ಚಿಪ್. ಕೀಯ ಸೆಲ್ ಸತ್ತರೂ ಇದು ಬದುಕಿರುತ್ತದೆ. ಮೂರರಲ್ಲಿ ಯಾವುದು ನಿಂತಿದೆ ಎಂದು ಮೊದಲು ನೋಡಿಕೊಂಡರೆ ಅರ್ಧ ರಿಪೇರಿ ಆದಂತೆಯೇ.

ಮೊದಲ ಅನುಮಾನ ಸೆಲ್ ಮೇಲೆ

ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಹತ್ತಿರ ಹೋದರಷ್ಟೇ ತೆರೆಯುತ್ತಿದ್ದರೆ ಸೆಲ್ ಮುಗಿಯುತ್ತಾ ಬಂದಿದೆ. ಬಹುತೇಕ ಕೀಗಳಲ್ಲಿರುವುದು 3 ವೋಲ್ಟಿನ ಸಿಆರ್2032. ಆದರೂ ಹಳೆಯದರ ಮೇಲಿನ ನಂಬರ್ ಓದಿಯೇ ಹೊಸದನ್ನು ಕೊಳ್ಳಿ. ಒಳಗಿನ ಲೋಹದ ಕೀಯನ್ನು ಹೊರಗೆಳೆದರೆ ಕವಚ ಬಿಡಿಸಲು ಸಂದು ಕಾಣುತ್ತದೆ. ಪ್ಲಸ್ ಗುರುತು ಯಾವ ಕಡೆಗಿತ್ತು ಎಂದು ನೋಡಿಟ್ಟುಕೊಂಡು, ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಮಲ್ಟಿಮೀಟರಿನ ಅಂಕಿಯನ್ನು ಪೂರ್ತಿ ನಂಬಬೇಡಿ: ಸುಮ್ಮನಿದ್ದಾಗ ಸರಿಯಾದ ವೋಲ್ಟೇಜ್ ತೋರುವ ಹಳೆಯ ಸೆಲ್, ಬಟನ್ ಒತ್ತಿದ ಕ್ಷಣ ಕುಸಿಯಬಹುದು. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗಲು ಬಿಡಲೇಬೇಡಿ. ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ತಪ್ಪು ಕಾರಿನದೇ?

ಸ್ಪೇರ್ ಕೀ ತಂದು ನೋಡಿ. ಅದು ಕೆಲಸ ಮಾಡಿದರೆ ದೋಷ ಮೊದಲ ಕೀಯದು. ಎರಡೂ ಸ್ಪಂದಿಸದಿದ್ದರೆ ಲೋಹದ ಕೀಯಿಂದ ಬಾಗಿಲು ತೆರೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಕೀ ತೂತು ಮುಚ್ಚಳದಡಿ ಇರುತ್ತದೆ. ಒಳಗಿನ ದೀಪವೂ ಹೊತ್ತದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿ ಕುಳಿತಿರುವ ಸಾಧ್ಯತೆಯೇ ಹೆಚ್ಚು. ಹಿಡಿಯ ಬಟನ್ನಿಗೆ ಒಂದೇ ಬಾಗಿಲು ಸ್ಪಂದಿಸದಿದ್ದರೆ ಆ ಬಾಗಿಲ ಸ್ವಿಚ್ಚು ಅಥವಾ ಆಂಟೆನಾ ಕೆಟ್ಟಿರಬಹುದು. ಮೊಬೈಲ್, ಚಾರ್ಜರ್ ಪಕ್ಕದಲ್ಲಿ ಕೀ ಇದ್ದರೂ ಕಾರಿನ ಸಂಕೇತ ಅದಕ್ಕೆ ಸರಿಯಾಗಿ ತಲುಪದಿರಬಹುದು. ದೂರ ಸರಿಸಿ ಮತ್ತೊಮ್ಮೆ ನೋಡಿ.

ಸೆಲ್ ಸತ್ತಾಗ ಸ್ಟಾರ್ಟ್ ಮಾಡುವುದು

ಬ್ರೇಕ್ ಒತ್ತಿ (ಗೇರ್ ಕಾರಾದರೆ ಕ್ಲಚ್ಚನ್ನೂ), ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿ. ಕಾರು ಕಳಿಸುವ ಶಕ್ತಿಯಿಂದಲೇ ಇಮ್ಮೊಬಿಲೈಸರ್ ಚಿಪ್ ಉತ್ತರಿಸುತ್ತದೆ. ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಬೇರೆ ಇರುತ್ತದೆ, ಮ್ಯಾನುಯಲ್ ನೋಡಿ.

ಹೊಸ ಕೀ ಬೇಕಾದರೆ

ಹೊಸ ಕೀಯನ್ನು ಕಾರಿಗೆ ಪರಿಚಯಿಸಲು ಸಾಮಾನ್ಯವಾಗಿ ಸ್ಕ್ಯಾನರ್ ಬೇಕು. ಅನೇಕ ಕಾರುಗಳಲ್ಲಿ ಆಗ ಹಳೆಯ ಕೀಗಳ ನೋಂದಣಿಯೆಲ್ಲ ಅಳಿಯುವುದರಿಂದ, ಮನೆಯಲ್ಲಿರುವ ಎಲ್ಲ ಕೀಗಳನ್ನೂ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕೀ ಕಳೆದುಹೋಗಿದ್ದರೆ ಅದರ ನೋಂದಣಿ ತೆಗೆಸುವುದನ್ನು ಮರೆಯಬೇಡಿ.