ಸ್ಲೈಡ್‌ಗಳಲ್ಲಿ ಉಳಿದ ಡಿಸ್ನಿಲ್ಯಾಂಡ್

ಕ್ಯಾಲಿಫೋರ್ನಿಯಾದ ಅನಹೈಮ್ ಊರಿನಲ್ಲಿ, ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅಂದು ಕಡುಬಿಸಿಲು. ಆಗಷ್ಟೇ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಡ್ ಚಪ್ಪಲಿಗಳು ಹೂತುಕೊಂಡವು.

ಆ ಕಾಲದ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಉಡುಪು. ಇಸ್ತ್ರಿ ಮಾಡಿದ ಅಂಗಿ, ಹ್ಯಾಟು, ನೆರಿಗೆಯ ಫ್ರಾಕು: ಮದುವೆಮನೆಗೆ ಹೊರಟವರಂತೆ ಬಂದಿದ್ದಾರೆ! ಕ್ಯಾಮೆರಾ ಹಿಡಿದವರು ಮಾತ್ರ ಚಿತ್ರದಲ್ಲಿಲ್ಲ. ಅನೇಕ ಮನೆಗಳ ಆಲ್ಬಮ್‌ಗಳಲ್ಲಿ ಅಪ್ಪನೇ ನಾಪತ್ತೆ.

ಪ್ರವೇಶದ್ವಾರ ದಾಟಿದೊಡನೆ ಸಿಗುವ ಮೇನ್ ಸ್ಟ್ರೀಟ್‌ನಲ್ಲಿ ಕೊಡಾಕ್ ಕಂಪನಿಯ ಅಂಗಡಿಯಿತ್ತು. ಎಲ್ಲಿ ನಿಂತು ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆಂದು ತೋರಿಸುವ ಫಲಕಗಳನ್ನೂ ಮುಂದೆ ಅದು ನೆಟ್ಟಿತು. ಸಾವಿರಾರು ಕುಟುಂಬಗಳು ತೆಗೆದ ಡಿಸ್ನಿಲ್ಯಾಂಡ್ ಕೋಟೆಯ ಚಿತ್ರ ಒಂದೇ ಕೋನದಲ್ಲಿರುವುದು ಇದರಿಂದಲೂ ಇರಬಹುದು. ಅದೇ ಕಂಪನಿಯ ಕೊಡಾಕ್ರೋಮ್ ಫಿಲ್ಮಿನ ಸ್ಲೈಡ್‌ಗಳನ್ನು ಕತ್ತಲಲ್ಲಿ ಜೋಪಾನವಾಗಿಟ್ಟರೆ ಬಣ್ಣ ದಶಕಗಳ ಕಾಲ ಮಾಸುವುದಿಲ್ಲ. ಹಾಗಾಗಿಯೇ ಆ ಕೆಂಪು, ಆ ನೀಲಿ ಇಂದಿಗೂ ಗಾಢ.

ಈಗಿಲ್ಲದ ನೋಟಗಳೂ ಇವುಗಳಲ್ಲಿ ಸಿಗುತ್ತವೆ. ಸವಾರಿಯ ಹೇಸರಗತ್ತೆಗಳು 1973ರವರೆಗೆ ಇದ್ದವು. ಆಕಾಶದಲ್ಲಿ ತೂಗುವ ಸ್ಕೈವೇ ತೊಟ್ಟಿಲುಗಳು 1956ರಿಂದ 1994ರವರೆಗೆ ಓಡಿದವು. 1957ರಲ್ಲಿ ತೆರೆದ ಪ್ಲಾಸ್ಟಿಕ್ಕಿನ 'ಭವಿಷ್ಯದ ಮನೆ'ಯನ್ನು ಹತ್ತು ವರ್ಷದ ಬಳಿಕ ಕೆಡವಲು ಹೋದಾಗ ಕಬ್ಬಿಣದ ಗುಂಡೇ ಪುಟಿದು ಹಿಂದಕ್ಕೆ ಬಂತಂತೆ.

ದಿನಾಂಕವಿಲ್ಲದ ಚಿತ್ರದ ಕಾಲ ಗುರುತಿಸಲು ಹಿನ್ನೆಲೆ ನೆರವಾಗುತ್ತದೆ. ಮ್ಯಾಟರ್‌ಹಾರ್ನ್ ಎಂಬ ಕೃತಕ ಹಿಮಬೆಟ್ಟ ಸಂದರ್ಶಕರಿಗೆ ತೆರೆದದ್ದು 1959ರಲ್ಲಿ. ಅದರ ಇಳಿಜಾರಿನಲ್ಲಿ ಸವಾರರ ಬಂಡಿಗಳು ಓಡುತ್ತಿದ್ದರೆ, ಚಿತ್ರ ಅದಕ್ಕಿಂತ ಹಳೆಯದಲ್ಲ.